ನಮ್ಮ ಸೀಮೆಯ ಮೊದಲ ಚಳಿ

ಇಂಗ್ಲಿಷ್ ವಾಚನ ಪುಸ್ತಕಗಳಲ್ಲಿ ಶರತ್ಕಾಲದ ಪಾಠವೊಂದನ್ನು ನಮ್ಮಲ್ಲಿ ಅನೇಕರು ಓದಿರುವೆವು. ಒಂದೇ ರಾತ್ರಿಯ ಹಿಮಕ್ಕೆ ಸಿಕ್ಕಿ ಕುಂಬಳದ ಬಳ್ಳಿ ಕರಕಾಗುವುದು, ರೈತನು ಉಳಿದ ಕಾಯಿಗಳನ್ನು ಅವಸರದಿಂದ ಒಳಸೇರಿಸುವುದು, ಇತ್ಯಾದಿ. ಆ ದೇಶಗಳಲ್ಲಿ ಬೆಳೆಯ ಕಾಲವನ್ನು ಮುಗಿಸುವುದು ಶೈತ್ಯವೇ. ಎಲೆಯೊಳಗಿನ ರಸವು ಹೆಪ್ಪುಗಟ್ಟಿ ಗಿಡವು ಸಾಯುತ್ತದೆ. ಚಿತ್ರದುರ್ಗದ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ಬೆಳೆಯ ಕಾಲವನ್ನು ಮುಗಿಸುವುದು ನೀರಿನ ಅಭಾವ. ಚಳಿಯು ಅದರ ಜೊತೆಗೆ ಬರುವ ನೆಂಟನು ಮಾತ್ರ.

ಸ್ವಾತಿ ಮಳೆ ಮುಗಿದು ವಿಶಾಖೆ ಕಾಲಿಡುವಾಗ, ಎಂದರೆ ನವೆಂಬರಿನ ಮೊದಲ ವಾರದಲ್ಲಿ, ಮೂಡಲ ಗಾಳಿಯು ನೆಲೆಗೊಳ್ಳುತ್ತದೆ. ಕೆಲವು ವರ್ಷ ಅದಕ್ಕಿಂತ ಮೊದಲೇ ಚಳಿ ಬಂದು ನಮ್ಮನ್ನು ಬೆರಗುಗೊಳಿಸುವುದುಂಟು. ಕಾರಣವು ಸರಳ. ಮೋಡವು ಭೂಮಿಗೆ ಕಂಬಳಿಯಿದ್ದಂತೆ. ಹಗಲು ನೆಲವು ಹೀರಿದ ಶಾಖವು ರಾತ್ರಿ ಹೊರಹೋಗದಂತೆ ತಡೆಯುತ್ತದೆ. ಮಳೆ ಹಿಂದೆಗೆದು ಆಕಾಶವು ತೆರವಾದೊಡನೆ ಆ ಕಂಬಳಿಯನ್ನು ಯಾರೋ ಎಳೆದಂತಾಗುತ್ತದೆ. ದುರ್ಗವು ಸಮುದ್ರಮಟ್ಟಕ್ಕಿಂತ ಸುಮಾರು ೨,೪೦೦ ಅಡಿ ಎತ್ತರದಲ್ಲಿದೆ. ಜೋಗಿಮಟ್ಟಿಯ ಕಡೆ ಬೆಳಗಿನ ಹೊತ್ತು ನಡೆದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಮುಂಗಾರು ತಡವಾದ ವರ್ಷದಲ್ಲಿಯೇ ಈ ಚಳಿಯ ಪೆಟ್ಟು ಕಾಣುವುದು. ಜುಲೈಯೊಳಗೆ ಬಿತ್ತಬೇಕಾದ ಶೇಂಗಾ ಆಗಸ್ಟಿನಲ್ಲಿ ಭೂಮಿಗೆ ಬಿದ್ದರೆ, ಕಾಯಿ ತುಂಬುವ ಹೊತ್ತಿಗೆ ರಾತ್ರಿಗಳು ತಣ್ಣಗಾಗಿ ಬೆಳವಣಿಗೆಯು ನಿಧಾನವಾಗುತ್ತದೆ. ನೆಲದ ತೇವವೂ ಆರಿರುತ್ತದೆ. ಸಿಪ್ಪೆಯೊಳಗೆ ಬೀಜವು ಸೊರಗುತ್ತದೆ. ಸಕಾಲದಲ್ಲಿ ಬೆಳೆದವರಿಗೂ ನೆಮ್ಮದಿಯಿಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರವು ಕುಸಿದರೆ ಚಳಿಯ ನಡುವೆಯೇ ಜಡಿಮಳೆ ಹಿಡಿಯುತ್ತದೆ. ಕಿತ್ತು ಹರಡಿದ ಗಿಡದಲ್ಲಿ ಕಾಯಿ ಮೊಳೆಯುತ್ತದೆ, ದನಗಳ ಮೇವಾಗಬೇಕಾದ ಹೊಟ್ಟು ಕಪ್ಪಾಗಿ ಕೊಳೆಯುತ್ತದೆ. ಹಳ್ಳಿಯಿಂದ ಮಗಳನ್ನು ಓದಲು ಕಳುಹಿಸಿದ ತಂದೆತಾಯಿಗಳಿಗೆ ಇದು ಬರಿಯ ಹವೆಯ ಸಂಗತಿಯಲ್ಲ. ಅವಳ ಫೀಸು, ಪುಸ್ತಕ, ಹೊಸ ಲಂಗ, ಎಲ್ಲವೂ ಆ ರಾಶಿಯಲ್ಲಿಯೇ ಅಡಗಿರುತ್ತವೆ.

ಹೊಸದುರ್ಗ, ಹೊಳಲ್ಕೆರೆಗಳ ತೆಂಗು ಅಡಿಕೆ ತೋಟಗಳಿಗೆ ನೀರಿರುವ ತನಕ ಇಂಥ ಮುಕ್ತಾಯವಿಲ್ಲ. ಹಿರಿಯೂರಿನ ನಾಲೆಯ ಬಯಲಿಗೂ ಹಾಗೆಯೇ. ಆದರೆ ಆ ನೀರಿನ ಭರವಸೆಯಾದರೂ ಎಷ್ಟು? ವೇದಾವತಿಗೆ ಅಡ್ಡಲಾಗಿ ಕಟ್ಟಿ ೧೯೦೭ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದುದು ೮೯ ವರ್ಷಗಳ ಬಳಿಕ, ೨೦೨೨ರಲ್ಲಿ.

ಚಳಿಯನ್ನೇ ಹಾರೈಸುವ ಪೈರುಗಳೂ ಉಂಟು. ಅವರೆಯು ಹಗಲು ಮೊಟಕಾದಾಗ ಹೂಬಿಡುವ ಗಿಡ. ಅದರ ಸೊಗಡಿಗೆ ಇಬ್ಬನಿಯೇ ಕಾರಣವೆಂದು ನಮ್ಮ ಅಜ್ಜಿಯರು ಹೇಳುವರು, ನಾವೂ ವಾದಿಸಹೋಗುವುದಿಲ್ಲ. ಎರೆಭೂಮಿಯ ಕಡಲೆಯು ಮತ್ತೂ ವಿಶೇಷ. ಹಿಂಗಾರಿನ ಕೊನೆಯಲ್ಲಿ ಬಿತ್ತಿದರೆ, ಆ ಕಪ್ಪು ಮಣ್ಣು ಕೂಡಿಟ್ಟುಕೊಂಡ ತೇವದಿಂದಲೇ, ಬೇರೆ ಮಳೆಯಿಲ್ಲದೆ, ಚಳಿಯಲ್ಲಿ ಬೆಳೆಯುತ್ತದೆ. ಅದರ ಎಲೆಯ ಸಣ್ಣ ರೋಮಗಳಿಂದ ಹುಳಿರಸವು ಒಸರುವುದು. ಹೊಲದಲ್ಲಿ ಎಳೆಯ ಕುಡಿ ಚಿವುಟಿ ತಿಂದ ಮಕ್ಕಳೆಲ್ಲರೂ ಆ ರುಚಿಯನ್ನು ಬಲ್ಲರು. ಹಿಂದೆ ಹೆಂಗಸರು ಇಬ್ಬನಿ ಬೀಳುವ ರಾತ್ರಿ ಗಿಡಗಳ ಮೇಲೆ ಶುಭ್ರವಾದ ಬಟ್ಟೆಯನ್ನು ಹಾಸಿ, ಹೊತ್ತು ಮೂಡುವ ಮುನ್ನ ಅದನ್ನು ಹಿಂಡಿ, ಆ ಕಡಲೆಹುಳಿಯನ್ನು ಅಜೀರ್ಣಕ್ಕೆ ಔಷಧವಾಗಿ ತೆಗೆದಿರಿಸುತ್ತಿದ್ದರು. ಬಿಸಿಲೇರಿದ ಮೇಲೆ ಹೋದರೆ ಬಟ್ಟೆಯು ಒಣಗಿರುತ್ತಿತ್ತು. ಆದುದರಿಂದ ಆ ಕೆಲಸವು ನಡುಗುವ ಚಳಿಯಲ್ಲಿಯೇ ಆಗಬೇಕಾಗಿತ್ತು.