ಕನ್ನಡ ಮಾತನಾಡಿದ ಜಾಕಿ ಚಾನ್

ಪ್ರತಿಯೊಂದು ತಲೆಮಾರಿಗೂ ಅದರದೇ ಆದ ಒಬ್ಬ ಅತಿಮಾನುಷ ವೀರನಿರುತ್ತಾನೆ. ನಮ್ಮ ಅಜ್ಜಿಯಂದಿರ ಕಾಲಕ್ಕೆ ಭೀಮ, ಹನುಮಂತರಿದ್ದರು. ಅವರನ್ನು ಕಾಣಬೇಕಾದರೆ ರಾತ್ರಿಯಿಡೀ ಯಕ್ಷಗಾನದ ಬಯಲಿನಲ್ಲಿ ಕಂಬಳಿ ಹೊದ್ದು ಕೂರಬೇಕಾಗಿತ್ತು. ನಮ್ಮ ಅಧ್ಯಾಪಕರಲ್ಲಿ ಕೆಲವರ ಬಾಲ್ಯಕ್ಕೆ ‘ಶಕ್ತಿಮಾನ್’ ಇದ್ದ. 1997ರಿಂದ 2005ರವರೆಗೆ ದೂರದರ್ಶನದಲ್ಲಿ ಬಂದ ಆ ಧಾರಾವಾಹಿಯ ಮುಖೇಶ್ ಖನ್ನಾ ಅವರ ಹೆಸರೆತ್ತಿದರೆ ಸಾಕು, ತರಗತಿಯಲ್ಲಿ ಅತ್ಯಂತ ಗಂಭೀರರಾಗಿರುವ ಗುರುಗಳ ತುಟಿಯಂಚಿನಲ್ಲೂ ನಗೆ ಸುಳಿಯುವುದನ್ನು ಸಹಪಾಠಿ ಮಿತ್ರರು ಕಂಡೇ ಇದ್ದಾರೆ. ನಾನು ಬರೆಯಹೊರಟಿರುವುದು ಇವರಾರನ್ನೂ ಕುರಿತಲ್ಲ. ನನ್ನ ವಯಸ್ಸಿನವರು ಬಾಯಲ್ಲಿ ಹಾಲುಹಲ್ಲು ಇರುವಾಗಲೇ ಬಲ್ಲ ಒಂದು ಕಾರ್ಟೂನ್ ಸರಣಿಯನ್ನು ಕುರಿತು. 2009ರಲ್ಲಿ ಆರಂಭವಾದ ‘ಚಿಂಟು ಟಿ.ವಿ.’ ಎಂಬ ಮಕ್ಕಳ ವಾಹಿನಿಯಲ್ಲಿ ಕನ್ನಡದಲ್ಲಿ ಬರುತ್ತಿದ್ದ ಜಾಕಿ ಚಾನನ ಸಾಹಸಗಳನ್ನು ಕುರಿತು. ಬಿ.ಎ. ಅಂತಿಮ ವರ್ಷದವಳಿಗೆ ಬರೆಯಲು ಬೇರೆ ವಿಷಯವೇ ಸಿಗಲಿಲ್ಲವೇ ಎಂದು ಹುಬ್ಬೇರಿಸುವವರೂ ಇರಬಹುದು. ಅವರು ದಯವಿಟ್ಟು ಎರಡು ಪುಟ ತಾಳಿಕೊಳ್ಳಬೇಕು.

ಮೊದಲು ಕಥೆ. ಈ ಸರಣಿ ಅಮೆರಿಕದಲ್ಲಿ 2000ದಿಂದ 2005ರವರೆಗೆ ಐದು ಭಾಗಗಳಾಗಿ, ಒಟ್ಟು 95 ಕಂತುಗಳಲ್ಲಿ ಪ್ರಸಾರವಾಯಿತು. ನಾಯಕ ಜಾಕಿ ಒಬ್ಬ ಪ್ರಾಕ್ತನಶಾಸ್ತ್ರಜ್ಞ. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹಳೆಯ ವಸ್ತುಗಳ ಅಂಗಡಿಯಿಟ್ಟಿರುವ ಮುದುಕ ಅಂಕಲ್‌ನೊಡನೆ ಅವನ ವಾಸ. ಹಾಂಗ್‌ಕಾಂಗಿನಿಂದ ಜೇಡ್ ಎಂಬ ಹನ್ನೊಂದು ವರ್ಷದ ಹುಡುಗಿ ಅವರ ಮನೆಗೆ ಬಂದು ಸೇರುತ್ತಾಳೆ. ಮನೆಯಲ್ಲಿ ಇರು ಎಂದರೆ ಇರದವಳು. ಎಲ್ಲ ಗಂಡಾಂತರಗಳೂ ಇವಳ ಹಿಂದೆಯೇ ಬರುತ್ತವೆ. ಜರ್ಮನಿಯ ಬವೇರಿಯಾದ ಒಂದು ಹಳೆಯ ಕೋಟೆಯಲ್ಲಿ ಜಾಕಿಗೆ ಒಂದು ಗುರಾಣಿ ಸಿಗುತ್ತದೆ. ಅದರಲ್ಲಿ ಹುಂಜದ ಚಿತ್ರವಿರುವ ಎಂಟು ಮೂಲೆಯ ಕಲ್ಲಿನ ಬಿಲ್ಲೆಯೊಂದಿರುತ್ತದೆ. ಕಥೆ ಶುರುವಾಗುವುದು ಅಲ್ಲಿಂದ. ಇಂಥ ಬಿಲ್ಲೆಗಳು ಹನ್ನೆರಡು. ಚೀನಾದವರ ವರ್ಷಚಕ್ರದ ಹನ್ನೆರಡು ಪ್ರಾಣಿಗಳಿಗೆ ಒಂದೊಂದು. ಶೆಂಡು ಎಂಬ ಬೆಂಕಿಯ ರಾಕ್ಷಸನ ಶಕ್ತಿಯೆಲ್ಲ ಈ ಹನ್ನೆರಡರಲ್ಲಿ ಹಂಚಿಹೋಗಿ, ಅವನು ಕಲ್ಲಿನ ವಿಗ್ರಹವಾಗಿ ಕುಳಿತಿದ್ದಾನೆ. ಅವನಿಗಾಗಿ ಅವುಗಳನ್ನು ಕಲೆಹಾಕಲು ವಾಲ್ಮಾಂಟ್ ಎಂಬ ಸೂಟುಧಾರಿ ಕಳ್ಳನ ಗುಂಪು ಹೊರಟಿದೆ.

ಹುಂಜದ ಬಿಲ್ಲೆ ಹಿಡಿದವನು ಗಾಳಿಯಲ್ಲಿ ತೇಲುತ್ತಾನೆ. ಎತ್ತಿನದು ಬಲ ಕೊಡುತ್ತದೆ, ಮೊಲದ್ದು ವೇಗ. ಹಾವಿನದನ್ನು ಹಿಡಿದರೆ ಅದೃಶ್ಯ. ಕುರಿಯದು ದೇಹವನ್ನು ಅಲ್ಲೇ ಬಿಟ್ಟು ಆತ್ಮವನ್ನು ತಿರುಗಾಡಲು ಕಳುಹಿಸುತ್ತದೆ. ಇಲಿಯದು ಜಡವಸ್ತುವಿಗೆ ಜೀವ ತುಂಬುತ್ತದೆ. ಕೋತಿಯದು ರೂಪ ಬದಲಿಸುತ್ತದೆ. ಕುದುರೆಯದು ಗಾಯ ಮಾಯಿಸುತ್ತದೆ. ನಾಯಿಯದು ಸಾವನ್ನು ದೂರವಿಡುತ್ತದೆ. ಹಂದಿಯದು ಕಣ್ಣಿನಿಂದ ಶಾಖದ ಕಿರಣ ಬಿಡಿಸುತ್ತದೆ, ಡ್ರ್ಯಾಗನ್ನಿನದು ಬೆಂಕಿ ಉಗುಳಿಸುತ್ತದೆ. ಹುಲಿಯದು ಮಾತ್ರ ವಿಚಿತ್ರ: ಮನುಷ್ಯನೊಳಗಿನ ಎರಡು ಸ್ವಭಾವಗಳನ್ನು ಸಮತೂಕದಲ್ಲಿಡುವುದು ಅದರ ಕೆಲಸ. ಡ್ರ್ಯಾಗನ್ ಒಂದನ್ನು ಬಿಟ್ಟರೆ ಉಳಿದ ಹನ್ನೊಂದೂ ನಾವು ಕಂಡ, ಇಲ್ಲವೆ ಮನೆಯಲ್ಲಿ ಕೇಳಿದ ಪ್ರಾಣಿಗಳೇ ಆಗಿದ್ದವು. ಹಂದಿಯಂತೂ ರಾತ್ರಿ ಲೈನಿನ ಹಿಂದಿನ ಕೆಸುವಿನ ಗೆಡ್ಡೆಯನ್ನು ಅಗೆದು ಹೋಗುತ್ತಿತ್ತು. ಅದರ ಕಣ್ಣಲ್ಲಿ ಕಿರಣವಿದ್ದರೂ ನಮಗೆ ಆಶ್ಚರ್ಯವಿರಲಿಲ್ಲ.

ಜಾಕಿಯನ್ನು ಅತಿಮಾನುಷ ವೀರರ ಸಾಲಿನಲ್ಲಿ ಸೇರಿಸುವುದು ಸರಿಯೇ ಎಂಬ ಪ್ರಶ್ನೆಯಿದೆ. ಈ ಸಾಲಿನ ಹಿರಿಯ ಸೂಪರ್‌ಮ್ಯಾನ್ 1938ರಲ್ಲಿ ಅಮೆರಿಕದ ಚಿತ್ರಕಥಾ ಪುಸ್ತಕವೊಂದರಲ್ಲಿ ಹುಟ್ಟಿದವನು; 1941ರಲ್ಲಿ ಚಿತ್ರಮಂದಿರಗಳ ಕಾರ್ಟೂನಿಗೂ ಬಂದ. ಅವನ ಬಲ ಹುಟ್ಟಿನಿಂದ ಬಂದದ್ದು, ಬೇರೊಂದು ಗ್ರಹದ ವಂಶದ್ದು. ಜಾಕಿಗೆ ಅಂಥದ್ದೇನೂ ಇಲ್ಲ. ಏಟು ಬಿದ್ದರೆ ಅಯ್ಯೋ ಎನ್ನುತ್ತಾನೆ, ಕೈ ಉದುರುತ್ತಾನೆ, ಈ ದಿನವೇ ಸರಿಯಿಲ್ಲ ಎಂದು ಗೊಣಗುತ್ತಾನೆ. ಏಣಿ, ಕುರ್ಚಿ, ಬಕೆಟ್ಟು, ಕೊಡೆ, ಕೈಗೆ ಸಿಕ್ಕಿದ್ದರಿಂದ ಹೊಡೆದಾಡುತ್ತಾನೆ. ಶಕ್ತಿ ಇರುವುದು ಬಿಲ್ಲೆಯಲ್ಲಿ. ಅದನ್ನು ಯಾರು ಹಿಡಿದರೂ ಅವರಿಗೆ ದೊರೆಯುತ್ತದೆ, ಜೇಡಳಂಥ ಹುಡುಗಿಗೂ ದೊರೆಯುತ್ತದೆ, ಕಳ್ಳನಿಗೂ ದೊರೆಯುತ್ತದೆ. ಬಲವೆಂಬುದು ವಂಶದಿಂದಲೇ ಬರಬೇಕಾಗಿಲ್ಲ ಎಂಬ ಈ ಏರ್ಪಾಟು ತೋಟದ ಲೈನಿನ ಮಕ್ಕಳಿಗೆ ಎಷ್ಟು ಹಿಡಿಸಿತೆಂಬುದನ್ನು ಬಂಗಲೆಯ ಮಕ್ಕಳು ಊಹಿಸಲಾರರೇನೋ.

ನಮ್ಮ ಮನೆ ಕಳಸದ ಕಡೆಯ ಒಂದು ಕಾಫಿ ತೋಟದ ಲೈನಿನಲ್ಲಿದೆ. ಅಮ್ಮ ಅಲ್ಲಿ ಕೆಲಸಕ್ಕೆ ಹೋಗುತ್ತಾರೆ. ಮನೆಮಾತು ತುಳು. ಪಕ್ಕದ ಮನೆಯವರದು ತಮಿಳು, ಅದರಾಚೆಯವರದು ಉರ್ದು, ಕೊನೆಯ ಎರಡು ಮನೆಗಳದ್ದು ಕನ್ನಡ. ನಾಲ್ಕು ಮನೆಗೆ ಒಂದರಂತೆ ಟಿ.ವಿ. ಇದ್ದ ಕಾಲವದು. ಶಾಲೆ ಬಿಟ್ಟು ಬಂದವರೆಲ್ಲ ಡಿಶ್ ಇದ್ದ ಮನೆಯ ಬಾಗಿಲಲ್ಲಿ ಕೂಡುತ್ತಿದ್ದೆವು. ದೊಡ್ಡವರು ಕೆಲಸ ಮುಗಿಸಿ ಬಂದು ಧಾರಾವಾಹಿ ಹಾಕುವವರೆಗೆ ರಾಜ್ಯಭಾರ ನಮ್ಮದು. ಅಜ್ಜಿಯೂ ಎಲೆಯಡಿಕೆಯ ಚೀಲದೊಡನೆ ಬಂದು ಕೂರುತ್ತಿದ್ದರು. ಅವರಿಗೆ ಕಥೆಯ ತಲೆಬುಡ ಬೇಕಾಗಿರಲಿಲ್ಲ. ಶೆಂಡು ಮೊದಲ ಬಾರಿಗೆ ವಿಗ್ರಹದಿಂದ ಎದ್ದು ಆರ್ಭಟಿಸಿದಾಗ, “ಉಂದು ಬಣ್ಣದ ವೇಷ” ಎಂದು ತೀರ್ಪು ಕೊಟ್ಟರು. ಯಕ್ಷಗಾನದಲ್ಲಿ ರಾಕ್ಷಸ ಪಾತ್ರಕ್ಕಿರುವ ಹೆಸರು ಅದು. ಅಂಕಲ್ ಒಣಗಿದ ಹಲ್ಲಿ, ಮೀನುಗಳನ್ನು ಹಿಡಿದು ಮಂತ್ರ ಹೇಳುವುದನ್ನು ಕಂಡು, ಇವನಿಗೆ ಮದ್ದು ಗೊತ್ತು ಎಂದರು. ಮಂತ್ರವನ್ನು ಮಂತ್ರದಿಂದಲೇ ಗೆಲ್ಲಬೇಕೆಂಬ ಅಂಕಲ್‌ನ ಸಿದ್ಧಾಂತವನ್ನು ಅಜ್ಜಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಇಲ್ಲಿ ನನ್ನದೇ ಒಂದು ಮಾತು. ಗೋಡೆಯ ತುಂಬ ಪುಸ್ತಕವಿರುವ ಮನೆಯನ್ನು ನಾನು ಮೊದಲು ಕಂಡದ್ದು ಅಂಕಲ್‌ನ ಅಂಗಡಿಯಲ್ಲಿ. ರಾಕ್ಷಸ ಊರಿಗೆ ಬಂದನೆಂದರೆ ಉಳಿದವರೆಲ್ಲ ಓಡುವಾಗ ಆ ಮುದುಕ ಕನ್ನಡಕ ಸರಿಪಡಿಸಿಕೊಂಡು ಹಳೆಯ ಗ್ರಂಥ ತೆರೆದು ಕೂರುತ್ತಾನೆ. ಇನ್ನು ಟೋರು ಎಂಬ ದೈತ್ಯ ದೇಹಿ. ಮೊದಲು ಕಳ್ಳರ ಗುಂಪಿನಲ್ಲಿ ಭಾರ ಎತ್ತುವುದಷ್ಟೇ ಅವನ ಕೆಲಸ. ಮುಂದೆ ಅವರನ್ನು ಬಿಟ್ಟು ಬಂದು, ಅಂಕಲ್‌ನ ಶಿಷ್ಯನಾಗಿ, ಬೈಸಿಕೊಳ್ಳುತ್ತ ವಿದ್ಯೆ ಕಲಿಯುತ್ತಾನೆ. ಅಷ್ಟು ದೊಡ್ಡ ಕೈಗಳಲ್ಲಿ ಅಷ್ಟು ಸಣ್ಣ ಪುಸ್ತಕ! ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳಾದ ನನಗೆ ಗ್ರಂಥಾಲಯದ ಮೇಜಿನ ಮುಂದೆ ಕುಳಿತಾಗ ಈಗಲೂ ನೆನಪಾಗುವವನು ಜಾಕಿಯಲ್ಲ, ಟೋರು.

ಜೂನ್ ಬಂತೆಂದರೆ ಮತ್ತೊಂದು ಅಧ್ಯಾಯ. ನಮ್ಮ ಕಡೆಯ ಮಳೆಗೆ ಡಿಶ್ಶಿನ ಸಂಕೇತ ನಿಲ್ಲುವುದಿಲ್ಲ. ಜೇಡ್ ಬಿಲ್ಲೆಗೆ ಕೈ ಚಾಚಿದ್ದಾಳೆ ಎನ್ನುವಾಗ ಚಿತ್ರ ಚೌಕಚೌಕವಾಗಿ ಒಡೆದು, ಪರದೆ ನೀಲಿಯಾಗುತ್ತಿತ್ತು. ಮರ ಬಿದ್ದು ತಂತಿ ಹರಿದರೆ ನಾಲ್ಕೈದು ದಿನ ಆ ನೀಲಿಯೂ ಇಲ್ಲ. ಆಗ ಉಳಿದ ಕಥೆಯನ್ನು ನಾವೇ ಕಟ್ಟಬೇಕು. ಹೊಳೆಯ ಚಪ್ಪಟೆ ಕಲ್ಲುಗಳ ಮೇಲೆ ಇದ್ದಿಲಿನಿಂದ ಪ್ರಾಣಿಗಳನ್ನು ಬರೆದು ಹಂಚಿಕೊಳ್ಳುತ್ತಿದ್ದೆವು. ಗಮನಿಸಬೇಕಾದುದು ಇದು: ಆಟ ನಡೆಯುತ್ತಿದ್ದುದು ಕನ್ನಡದಲ್ಲಿ. ತುಳುವಿನವಳು, ತಮಿಳಿನವನು, ಉರ್ದುವಿನವಳು, ಎಲ್ಲರೂ ಜಾಕಿಯ ಭಾಷೆಯಲ್ಲೇ ಜಗಳವಾಡಬೇಕು. ಶಾಲೆಯ ಕನ್ನಡ ಪಾಠ ಒಪ್ಪಿಸುವುದಕ್ಕೆ, ರೈಟರ ಕನ್ನಡ ಹಾಜರಿ ಕೂಗುವುದಕ್ಕೆ; ಹಾರುವುದಕ್ಕೆ, ಅದೃಶ್ಯರಾಗುವುದಕ್ಕೆ, ರಾಕ್ಷಸನನ್ನು ಹಂಗಿಸುವುದಕ್ಕೆ ಒಂದು ಕನ್ನಡವಿದೆ ಎಂದು ನಮಗೆ ತಿಳಿದದ್ದು ಅಲ್ಲಿ.

ಈ ಕನ್ನಡ ಆ ಬಾಯಿಗೆ ಹೇಗೆ ಬಂತು? ಕಾರ್ಟೂನಿನಲ್ಲಿ ಮಾತು, ಸಂಗೀತ, ಸದ್ದುಗಳನ್ನು ಬೇರೆ ಬೇರೆಯಾಗಿ ಮುದ್ರಿಸಿರುತ್ತಾರೆ. ಮಾತಿನ ಭಾಗವನ್ನು ತೆಗೆದು, ಉಳಿದುದನ್ನು ಹಾಗೆಯೇ ಇಟ್ಟು, ಹೊಸ ಭಾಷೆಯ ಮಾತನ್ನು ಕೂರಿಸುವುದೇ ಡಬ್ಬಿಂಗ್. ಮನುಷ್ಯರ ಚಿತ್ರಕ್ಕಿಂತ ಕಾರ್ಟೂನಿಗೆ ಇದು ಸುಲಭ. ಬರೆದ ಮುಖದ ಬಾಯಿಗೆ ಇರುವುದು ತೆರೆದದ್ದು, ಮುಚ್ಚಿದ್ದು, ದುಂಡಗಾದದ್ದು ಮುಂತಾದ ಕೆಲವೇ ಆಕಾರಗಳು. ತುಟಿ ‘ಪ’ ಎಂದಿತೋ ‘ಮ’ ಎಂದಿತೋ ಎಂದು ಯಾರೂ ಹಿಡಿಯಲಾರರು. ಕಷ್ಟವಿರುವುದು ವಾಕ್ಯದಲ್ಲಿ. ‘ಡೋಂಟ್ ಓಪನ್ ದಟ್ ಬಾಕ್ಸ್’ ಎಂಬಲ್ಲಿ ನಿಷೇಧ ಮೊದಲೇ ಬರುತ್ತದೆ. ಮೊದಲ ಮಾತಿಗೇ ಚಿತ್ರದಲ್ಲಿ ಹುಡುಗಿಯ ಕೈ ನಿಲ್ಲುತ್ತದೆ. ‘ಆ ಪೆಟ್ಟಿಗೆ ತೆಗೆಯಬೇಡ’ ಎಂದು ಸರಿಯಾದ ಕನ್ನಡ ಬರೆದರೆ ‘ಬೇಡ’ ಎನ್ನುವ ಹೊತ್ತಿಗೆ ಕೈ ನಿಂತು ಯಾವ ಕಾಲವಾಯಿತೋ! ಆದ್ದರಿಂದ ‘ಬೇಡ, ತೆಗೀಬೇಡ ಆ ಪೆಟ್ಟಿಗೆ!’ ಎಂದು ತಿರುಗಿಸಬೇಕು. ನಾವು ಗಾಬರಿಯಲ್ಲಿ ಆಡುವುದೂ ಹಾಗೆಯೇ ಅಲ್ಲವೆ? ವ್ಯಾಕರಣದ ಪುಸ್ತಕ ಬಿಟ್ಟುಹೋದ ಕನ್ನಡವೊಂದು ಹೀಗೆ ಬೆಳಕಿಗೆ ಬರುತ್ತದೆ.

ಇನ್ನೊಂದು ತೊಡಕು ‘ಯೂ’ ಎಂಬ ಮಾತಿನದು. ಆ ಒಂದೇ ಶಬ್ದವನ್ನು ಜಾಕಿ ಮುದುಕನಿಗೂ ಹೇಳುತ್ತಾನೆ, ಮುದುಕ ಜೇಡಳಿಗೂ ಹೇಳುತ್ತಾನೆ, ಕಳ್ಳ ಪೋಲೀಸಿನವನಿಗೂ ಹೇಳುತ್ತಾನೆ. ಕನ್ನಡದಲ್ಲಿ ಬರೆಯುವವನು ಪ್ರತಿ ಸಲವೂ ನೀನು ಎನ್ನಬೇಕೋ ನೀವು ಎನ್ನಬೇಕೋ ಎಂದು ತೀರ್ಮಾನಿಸಬೇಕು. ಹಾಗೆ ತೀರ್ಮಾನಿಸಿದೊಡನೆ ಯಾರಿಗೆ ಯಾರ ಮೇಲೆ ಗೌರವ, ಯಾರಿಗೆ ಸಲಿಗೆ ಎಂಬ ಇಡೀ ಸಂಸಾರದ ಚಿತ್ರ ಮೂಡುತ್ತದೆ. ‘ಅಂಕಲ್’ ಎಂಬುದಂತೂ ಇನ್ನೂ ಮೋಜು. ನಮ್ಮಲ್ಲಿ ಅವನು ದೊಡ್ಡಪ್ಪನೋ, ಚಿಕ್ಕಪ್ಪನೋ, ಸೋದರಮಾವನೋ ಎಂದು ತಿಳಿಯದೆ ಮಾತೇ ಮುಂದುವರಿಯದು. ಮಾವನಾದರೆ ಮದುವೆಯ ಹಾಸ್ಯವೂ ಹಿಂದೆಯೇ ಬರುತ್ತದೆ.

ಈಗ ಒಂದು ಸ್ವಾರಸ್ಯದ ಸಂಗತಿ. ಇಂಗ್ಲಿಷಿನ ಮೂಲದಲ್ಲಿಯೂ ಆ ಧ್ವನಿ ಜಾಕಿ ಚಾನ್ ಅವರದಲ್ಲ. ಜೇಮ್ಸ್ ಸೀ ಎಂಬ ಬೇರೊಬ್ಬ ಕಲಾವಿದರದು. ನಿಜವಾದ ಜಾಕಿ ಚಾನ್ ಕಂತಿನ ಕೊನೆಗೆ ಬಂದು ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು, ಅಷ್ಟೆ. ಅಂದಮೇಲೆ ಬರೆದ ದೇಹಕ್ಕೆ ಹುಟ್ಟುಮಾತು ಯಾವುದು? ಇಂಗ್ಲಿಷ್ ಎರವಲಾದರೆ ಕನ್ನಡವೂ ಅಷ್ಟೇ ಎರವಲು. ಕನ್ನಡ ಅವನದಲ್ಲವೆನ್ನುವುದಾದರೆ ಇಂಗ್ಲಿಷೂ ಅವನದಲ್ಲ. ಅಜ್ಜಿಗೆ ಅವನು ಬೇರೆ ಭಾಷೆಯವನೆಂದು ಕೊನೆಯವರೆಗೂ ಅನ್ನಿಸಲಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 1960ರ ದಶಕದ ಆರಂಭದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಗಳು ಮೊದಲಾದವರ ಕನ್ನಡ ಚಳವಳಿ ನಡೆದ ಮೇಲೆ, ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದು ನಿಂತುಹೋಯಿತು. ಅದು ಕಾನೂನಲ್ಲ, ಚಿತ್ರೋದ್ಯಮದ ಕಟ್ಟುಪಾಡು. ಅಂದು ಅದಕ್ಕೆ ಅರ್ಥವಿತ್ತು. ಕನ್ನಡ ಚಿತ್ರಗಳು ತಮ್ಮ ಕಾಲ ಮೇಲೆ ನಿಲ್ಲಬೇಕಾಗಿತ್ತು, ಕಲಾವಿದರಿಗೆ ಅನ್ನ ಹುಟ್ಟಬೇಕಾಗಿತ್ತು. ಆದರೆ ಕಟ್ಟುಪಾಡು ಅರ್ಧ ಶತಮಾನ ಉಳಿಯಿತು. 2012ರಲ್ಲಿ ಅಮೀರ್ ಖಾನರ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳದಲ್ಲಿ ಕೇಳಿಸಿತು. ಕನ್ನಡದ ಮನೆಗಳು ಮಾತ್ರ ಅದನ್ನು ಹಿಂದಿಯಲ್ಲೇ ನೋಡಬೇಕಾಯಿತು. 2015ರ ಜುಲೈನಲ್ಲಿ ಭಾರತದ ಸ್ಪರ್ಧಾ ಆಯೋಗವು ಈ ತಡೆ ಸರಿಯಲ್ಲವೆಂದು ತೀರ್ಪಿತ್ತು ದಂಡ ವಿಧಿಸಿತು. 2020ರ ಲಾಕ್‌ಡೌನ್ ಕಾಲಕ್ಕೆ ಹಿಂದಿಯ ‘ಮಹಾಭಾರತ’ ಕನ್ನಡವಾಗಿ ಮನೆಮನೆಗೆ ಬಂತು. ಇದಕ್ಕೆಲ್ಲ ಮೊದಲೇ, ದೊಡ್ಡವರ ವಾದವಿವಾದಗಳ ಕಾಲ ಕೆಳಗೆ ನುಸುಳಿಕೊಂಡು, ಜಾಕಿ ಮತ್ತು ಡೋರಾ ನಮ್ಮ ಲೈನಿಗೆ ಬಂದಾಗಿತ್ತು. ಡಬ್ಬಿಂಗ್ ವಿರೋಧಿಗಳ ಒಂದು ಮಾತನ್ನು ನಾನು ಒಪ್ಪುತ್ತೇನೆ: ಎರವಲು ತಂದ ಕಥೆಯಿಂದ ನಮ್ಮ ಕಥೆ ಹುಟ್ಟುವುದಿಲ್ಲ. ಕುದುರೆಮುಖದ ಮೇಲೆ ಹಾರುವ ವೀರನನ್ನು ಇನ್ನೂ ನಮ್ಮವರು ಬರೆಯಬೇಕಾಗಿದೆ. ಆದರೆ ಅವನು ಬರುವವರೆಗೆ ಮಗು ಯಾವ ಭಾಷೆಯಲ್ಲಿ ಹಾರಬೇಕು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ಈಗ ಬೇರೆ ರೂಪದಲ್ಲಿ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ತೋಟಗಳಿಗೆ ಅಸ್ಸಾಮಿನಿಂದ ಕೆಲಸದವರು ಸಂಸಾರ ಸಮೇತ ಬರುತ್ತಿದ್ದಾರೆ. ನಾವು ಕೂಡುತ್ತಿದ್ದ ಬಾಗಿಲು ಈಗ ಖಾಲಿ; ಪ್ರತಿ ಮನೆಯಲ್ಲೂ ಮೊಬೈಲಿದೆ, ಪ್ರತಿ ಮಗುವೂ ತನ್ನ ಭಾಷೆಯ, ಇಲ್ಲವೆ ಹಿಂದಿಯ ಕಾರ್ಟೂನನ್ನು ಒಬ್ಬೊಬ್ಬರೇ ನೋಡುತ್ತವೆ. ಸಿಗ್ನಲ್ ಹೋದರೂ ಒಟ್ಟಿಗೆ ಕಥೆ ಕಟ್ಟುವ ಗೊಡವೆಯಿಲ್ಲ, ಏಕೆಂದರೆ ಎಲ್ಲರೂ ನೋಡುತ್ತಿದ್ದ ಕಥೆ ಒಂದೇ ಅಲ್ಲ. ಕಳೆದ ಹಣ್ಣು ಕೊಯ್ಯುವ ಕಾಲದಲ್ಲಿ ರಜೆಗೆ ಹೋಗಿದ್ದಾಗ, ಹಳೆಯ ಡಬ್ಬಿಯಲ್ಲಿ ಉಳಿದಿದ್ದ ಕಲ್ಲುಗಳನ್ನು ತೆಗೆದು ಪಕ್ಕದ ಮನೆಯ ಆರು ವರ್ಷದ ಹುಡುಗನ ಮುಂದಿಟ್ಟೆ. ಇದ್ದಿಲಿನ ಗೆರೆ ಅಳಿಸಿಹೋಗಿತ್ತು. ಅವನೇ ಮತ್ತೆ ಬರೆದ. ಹುಂಜ ಹಿಡಿದರೆ ಹಾರಬೇಕೆಂದು ಅಭಿನಯಿಸಿ ತೋರಿಸಿದೆ. ಮಾರನೆಯ ದಿನ ಬೆಳಿಗ್ಗೆ ಅಮ್ಮ ಕೆಲಸಕ್ಕೆ ಹೊರಡುವ ಮೊದಲೇ ಬಂದು ನಿಂತಿದ್ದ. ಈಗ ಎಂಟು ಹೆಸರು ಬರುತ್ತವೆಯಂತೆ. ಇಲಿಗೂ ಮೊಲಕ್ಕೂ ಇನ್ನೂ ಗೊಂದಲವಿದೆ ಎಂದು ಅಮ್ಮ ಫೋನಿನಲ್ಲಿ ಹೇಳಿದರು.