ಬೀದಿಯಲ್ಲಿ ಸೈಕಲ್ಲಿನ ಪಾಲು

ತಿಂಗಳ ಕಡೆಯ ಶುಕ್ರವಾರ, ಕಚೇರಿಗಳು ಮುಚ್ಚುವ ಹೊತ್ತಿಗೆ, ಊರಿನ ಗೊತ್ತಾದೊಂದು ಚೌಕದಲ್ಲಿ ಜನರು ಸೈಕಲ್ಲುಗಳೊಡನೆ ಬಂದು ಸೇರುವುದು. ಯಾರೂ ಆಜ್ಞೆ ಮಾಡದೆ, ಯಾರೂ ಭಾಷಣ ಬಿಗಿಯದೆ, ಸಾಕಷ್ಟು ಮಂದಿ ಕೂಡಿದರೆಂದು ಎಲ್ಲರಿಗೂ ತೋರಿದೊಡನೆ ಗಂಟೆಗಳನ್ನು ಬಾರಿಸುತ್ತ ಬೀದಿಗಿಳಿಯುವುದು. ಮೋಟಾರುಗಳು ದಟ್ಟೈಸಿರುವ ರಸ್ತೆಗಳಲ್ಲಿಯೇ ಒಂದೆರಡು ಗಂಟೆ ನಿಧಾನವಾಗಿ ಸುತ್ತಿ, ಹೇಗೆ ಕೂಡಿದ್ದರೋ ಹಾಗೆಯೇ ಚದುರಿ ಮನೆ ಸೇರುವುದು. ಇಷ್ಟೇ ವಿಧಿಯುಳ್ಳ ಈ ಆಚರಣೆಯು ಮೂರು ದಶಕಗಳಿಗೂ ಮಿಕ್ಕ ಕಾಲದಿಂದ ಲೋಕದ ನೂರಾರು ನಗರಗಳಲ್ಲಿ ನಡೆದುಬಂದಿದೆ. ಇದಕ್ಕೆ ಅಧ್ಯಕ್ಷನಿಲ್ಲ, ಚಂದಾ ಇಲ್ಲ, ಸದಸ್ಯರ ಪಟ್ಟಿಯಿಲ್ಲ. ಮುಂದಾಗಿ ನಿರ್ಧರಿಸಿದ ಮಾರ್ಗವೂ ಬಹುಮಟ್ಟಿಗೆ ಇರುವುದಿಲ್ಲ.

ಇದು ಮೊದಲಾದುದು 1992ರ ಸೆಪ್ಟೆಂಬರ್ 25ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಮಾರ್ಕೆಟ್ ಸ್ಟ್ರೀಟೆಂಬ ಹಿರಿಯ ಬೀದಿಯು ಕೊಲ್ಲಿಯನ್ನು ಮುಟ್ಟುವೆಡೆಯಲ್ಲಿರುವ ಬಯಲಿನಲ್ಲಿ ಆ ಸಂಜೆ ನೆರೆದವರು ಐವತ್ತರ ಆಸುಪಾಸಿನ ಮಂದಿ. ಪ್ರತಿದಿನ ಒಬ್ಬೊಬ್ಬರಾಗಿ ಮೋಟಾರುಗಳ ನಡುವೆ ಅಂಜುತ್ತ ಮನೆಗೆ ಹೋಗುತ್ತಿದ್ದವರು, ತಿಂಗಳಿಗೊಂದು ದಿನವಾದರೂ ಒಟ್ಟಾಗಿ ಹೋಗೋಣವೆಂದುಕೊಂಡರು. ಅದೇ ವರ್ಷ ಟೆಡ್ ವೈಟ್ ಎಂಬಾತನು ಸೈಕಲ್ಲನ್ನು ಕುರಿತು ತೆಗೆದ ಸಾಕ್ಷ್ಯಚಿತ್ರವೊಂದರಲ್ಲಿ, ಜಾರ್ಜ್ ಬ್ಲಿಸ್ ಎಂಬ ನ್ಯೂಯಾರ್ಕಿನ ವಾಹನಶಿಲ್ಪಿಯು ತಾನು ಚೀನ ದೇಶದಲ್ಲಿ ಕಂಡುದನ್ನು ವರ್ಣಿಸಿದ್ದನು. ಅಲ್ಲಿ ದೀಪಸೂಚನೆಯಿಲ್ಲದ ಅಡ್ಡರಸ್ತೆಗಳಲ್ಲಿ ಸೈಕಲ್ ಸವಾರರು ಒಬ್ಬರ ಪಕ್ಕದಲ್ಲೊಬ್ಬರು ಬಂದು ಕಾದುನಿಲ್ಲುತ್ತಿದ್ದರಂತೆ. ಗುಂಪು ಒಂದು ಪ್ರಮಾಣಕ್ಕೆ ಬೆಳೆದ ಕ್ಷಣವೇ ಒಟ್ಟಿಗೆ ಮುನ್ನುಗ್ಗುತ್ತಿದ್ದರಂತೆ. ಆಗ ಮೋಟಾರುಗಳು ತಾವಾಗಿ ನಿಲ್ಲುತ್ತಿದ್ದವಂತೆ. ಈ ವರ್ಣನೆಯಿಂದಲೇ ಸವಾರಿಗೆ ‘ಕ್ರಿಟಿಕಲ್ ಮಾಸ್’ ಎಂಬ ಹೆಸರು ಬಂದಿತು. ಆಮೇಲೆ ಅದು ನಗರದಿಂದ ನಗರಕ್ಕೆ ದಾಟಿತು. ಲಂಡನ್ನಿನಲ್ಲಿ 1994ರ ಏಪ್ರಿಲ್‌ನಿಂದ ವಾಟರ್ಲೂ ಸೇತುವೆಯ ಬುಡದಲ್ಲಿ ಸವಾರರು ಸೇರುತ್ತ ಬಂದಿದ್ದಾರೆ. ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಹತ್ತಾರು ಸಾವಿರ ಜನರು ಕೂಡಿ ಸವಾರಿ ಮಾಡಿ, ಕೊನೆಯಲ್ಲಿ ತಂತಮ್ಮ ಸೈಕಲ್ಲುಗಳನ್ನು ಎರಡೂ ಕೈಗಳಿಂದ ತಲೆಯ ಮೇಲಕ್ಕೆತ್ತಿ ಹಿಡಿಯುವ ಸಂಪ್ರದಾಯವೇ ಬೆಳೆಯಿತು.

ನಾಯಕನಿಲ್ಲದ ಇಷ್ಟು ದೊಡ್ಡ ಸಮೂಹವು ಪಟ್ಟಣದ ನಡುವೆ ಚೆದುರದೆ ಸಾಗುವ ಬಗೆ ಹೇಗೆ? ಅದರ ಗುಟ್ಟು ಅಡ್ಡರಸ್ತೆಯಲ್ಲಿದೆ. ಹಸುರು ದೀಪ ಬಿದ್ದೊಡನೆ ಮುಂಚೂಣಿಯವರು ದಾಟತೊಡಗುವರು. ಅರ್ಧ ಗುಂಪು ದಾಟುವುದರೊಳಗೆ ದೀಪವು ಕೆಂಪಾಗುವುದು. ಆಗ ಗುಂಪು ಎರಡಾಗಿ ತುಂಡಾದರೆ, ನಡುವೆ ಮೋಟಾರುಗಳು ಸಿಕ್ಕಿಕೊಂಡು ಹಿಂದಿನವರಿಗೂ ಮುಂದಿನವರಿಗೂ ಅಪಾಯವೇ ಹೆಚ್ಚು. ಆದುದರಿಂದ ಅನುಭವಸ್ಥರಾದ ಇಬ್ಬರು ಮೂವರು ಸಾಲಿನಿಂದ ಹೊರಬಂದು, ಪಕ್ಕದ ರಸ್ತೆಯ ಬಾಯಿಗೆ ತಮ್ಮ ಸೈಕಲ್ಲುಗಳನ್ನು ಅಡ್ಡಲಾಗಿ ನಿಲ್ಲಿಸಿ, ಒಂದು ಕಾಲನ್ನು ನೆಲಕ್ಕೂರಿ, ಎದುರಿಗೆ ನಿಂತ ಕಾರಿನವನ ಮುಖವನ್ನು ನೋಡಿ, ಎರಡು ನಿಮಿಷ ತಾಳಬೇಕೆಂದು ಕೈಸನ್ನೆ ಮಾಡುವರು. ಬಾಲದ ಕಡೆಯ ಸವಾರನು ದಾಟಿದ ಮೇಲೆ ಕಾರಿನವನಿಗೆ ವಂದಿಸಿ, ವೇಗವಾಗಿ ತುಳಿದು ಮತ್ತೆ ಮುಂದಿನ ಅಡ್ಡರಸ್ತೆಗೆ ಹೋಗಿ ನಿಲ್ಲುವರು. ಮುಂಚೂಣಿಯವರಿಗೂ ಒಂದು ಧರ್ಮವುಂಟು: ಹಿಂದೆ ಏದುಸಿರು ಬಿಡುತ್ತ ಬರುವ ಮಗುವಿನ ಅಥವಾ ಮುದುಕನ ನಡೆಯೇ ಎಲ್ಲರ ನಡೆಯಾಗಬೇಕು. ನಮ್ಮೂರಿನ ಜಾತ್ರೆಯಲ್ಲಿ ತೇರು ಬೀದಿಗೆ ಬಂದಾಗ, ಅದು ಹಾದುಹೋಗುವವರೆಗೆ ಎತ್ತಿನ ಗಾಡಿಯೂ ಬಸ್ಸೂ ನಿಂತು ದಾರಿ ಕೊಡುವುದನ್ನು ಕಂಡವರಿಗೆ, ಬೀದಿಯೆಂಬುದು ವೇಗಕ್ಕಾಗಿಯೇ ಹುಟ್ಟಿದ ವಸ್ತುವಲ್ಲವೆಂಬ ವಿಚಾರವು ಹೊಸದಾಗಿ ತೋರಲಾರದು.

ಆದರೆ ಕಾರಿನವರೆಲ್ಲರೂ ತಾಳ್ಮೆಯುಳ್ಳವರಲ್ಲ, ಸವಾರರೆಲ್ಲರೂ ಸೌಮ್ಯರಲ್ಲ. 2004ರ ಆಗಸ್ಟ್ 27ರಂದು, ರಾಜಕೀಯ ಪಕ್ಷವೊಂದರ ಮಹಾಧಿವೇಶನವು ನಡೆಯಲಿದ್ದ ಸಂದರ್ಭದಲ್ಲಿ, ನ್ಯೂಯಾರ್ಕಿನ ಪೊಲೀಸರು 250ಕ್ಕೂ ಹೆಚ್ಚು ಮಂದಿ ಸವಾರರನ್ನು ದಸ್ತಗಿರಿ ಮಾಡಿದರು. 2011ರ ಫೆಬ್ರವರಿಯಲ್ಲಿ ಬ್ರೆಜಿಲ್ ದೇಶದ ಪೋರ್ಟೋ ಅಲೆಗ್ರೆಯಲ್ಲಿ, ಸಹನೆಗೆಟ್ಟ ಚಾಲಕನೊಬ್ಬನು ಹಿಂದಿನಿಂದ ಕಾರನ್ನು ಗುಂಪಿನ ಮೇಲೆಯೇ ನುಗ್ಗಿಸಿ ಹಲವರನ್ನು ಗಾಯಗೊಳಿಸಿದನು. ಲಂಡನ್ನಿನಲ್ಲಿ ಈ ಸವಾರಿಯು ಮೆರವಣಿಗೆಯೇ, ಹಾಗಾದರೆ ಮುಂದಾಗಿ ಪೊಲೀಸರಿಗೆ ತಿಳಿಸಬೇಕೇ ಎಂಬ ಪ್ರಶ್ನೆಯು ನ್ಯಾಯಾಲಯಗಳ ಮೆಟ್ಟಿಲೇರಿ, 2008ರ ನವೆಂಬರ್‌ನಲ್ಲಿ ಹೌಸ್ ಆಫ್ ಲಾರ್ಡ್ಸಿನ ನ್ಯಾಯಮೂರ್ತಿಗಳು, ರೂಢಿಯಿಂದ ನಡೆದುಬಂದ ಇಂಥ ಸವಾರಿಗೆ ಮುಂದಾಗಿ ತಿಳಿಸಬೇಕಾದ ಕಟ್ಟಳೆ ಅನ್ವಯಿಸದೆಂದು ತೀರ್ಮಾನಿಸಿದರು. ಅಡ್ಡಗಟ್ಟಿ ನಿಂತವನು ಎದುರಿನವನನ್ನು ಹೀಯಾಳಿಸಿದರೆ, ಅಥವಾ ರೋಗಿಯನ್ನು ಹೊತ್ತ ವಾಹನಕ್ಕೆ ದಾರಿ ತಪ್ಪಿಸಿದರೆ, ಸವಾರಿಯ ನ್ಯಾಯವೆಲ್ಲ ಅಲ್ಲಿಗೆ ಮಣ್ಣುಗೂಡುವುದೆಂದು ನನ್ನ ದೃಢವಾದ ಅಭಿಪ್ರಾಯ.

ಸರಕಾರವೇ ಮುಂದೆ ನಿಂತು ನಡೆಸುವ ಮತ್ತೊಂದು ಬಗೆಯುಂಟು. ದಕ್ಷಿಣ ಅಮೆರಿಕದ ಬೊಗೋಟಾ ನಗರದಲ್ಲಿ 1974ರ ಡಿಸೆಂಬರ್‌ನಲ್ಲಿ ಆರಂಭವಾದ ಪದ್ಧತಿಯಂತೆ, ಇಂದಿಗೂ ಭಾನುವಾರ ಮತ್ತು ರಜಾದಿನಗಳಲ್ಲಿ ಬೆಳಗಿನ 7ರಿಂದ ಮಧ್ಯಾಹ್ನದ 2ರವರೆಗೆ, 120 ಕಿಲೋಮೀಟರಿಗೂ ಹೆಚ್ಚಿನ ರಸ್ತೆಗಳನ್ನು ಮೋಟಾರುಗಳಿಗೆ ಮುಚ್ಚಿ ಜನರಿಗೆ ಬಿಡುತ್ತಾರೆ. ನಮ್ಮ ಬೆಂಗಳೂರಿನ ಸೈಕಲ್ ದಿನವು ಈ ವಂಶಕ್ಕೆ ಸೇರಿದುದು. 2013ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯವು ನಾಗರಿಕರ ಸಂಘಗಳೊಡನೆ ಕೂಡಿ ಇದನ್ನು ಆರಂಭಿಸಿದ ಮೇಲೆ, ಕಬ್ಬನ್ ಪಾರ್ಕ್, ಎಚ್‌ಎಸ್‌ಆರ್ ಬಡಾವಣೆ, ದೊಡ್ಡನೆಕ್ಕುಂದಿ ಮೊದಲಾದ ಕಡೆಗಳಲ್ಲಿ ಭಾನುವಾರದ ಬೆಳಗ್ಗೆ ರಸ್ತೆಯ ಒಂದು ಭಾಗವನ್ನು ಮುಚ್ಚಿ, ಮಕ್ಕಳಿಗೂ ಹಿರಿಯರಿಗೂ ಸೈಕಲ್ ತುಳಿಯಲು ಎಡೆಮಾಡಿದರು. ಮನೆಯ ಮುಂದಿನ ರಸ್ತೆಗೆ ಒಬ್ಬಂಟಿಯಾಗಿ ಇಳಿಯಲು ತಂದೆತಾಯಿಗಳು ಬಿಡದಿದ್ದ ಹುಡುಗ ಹುಡುಗಿಯರು ಅಂದು ನಡುರಸ್ತೆಯಲ್ಲಿ ಹ್ಯಾಂಡಲ್ ಬಿಟ್ಟು ತುಳಿಯುವ ಸಾಹಸಕ್ಕೂ ಕೈಹಾಕಿದರೆ ಅಚ್ಚರಿಯೇನು? ಈ ಸಂತೋಷವು ಅಲ್ಪವಾದುದಲ್ಲ. ಆದರೂ ಈ ಎರಡು ಬಗೆಗಳ ನಡುವೆ ಒಂದು ಅಂತರವಿದೆ. ಭಾನುವಾರ ಬೆಳಗ್ಗೆ ಬಿಟ್ಟುಕೊಟ್ಟ ರಸ್ತೆಯು ಸೋಮವಾರ ಬೆಳಗ್ಗೆ ಹಿಂದಕ್ಕೆ ಹೋಗುತ್ತದೆ. ಕೆಲಸದ ದಿನದ ಸಂಜೆ, ಎಲ್ಲರೂ ಮನೆಗೆ ಧಾವಿಸುವ ಹೊತ್ತಿನಲ್ಲಿ ಹೊರಡುವ ಸವಾರಿಯಾದರೋ, ಆ ಸೋಮವಾರದ ಮಾತನ್ನೇ ಎತ್ತುತ್ತದೆ.

ಆ ಸೋಮವಾರದ ಮಾತಿಗೆ ನಮ್ಮಲ್ಲಿ ದೊರೆತ ಉತ್ತರವು ಉತ್ಸಾಹಕರವಾಗಿಲ್ಲ. ಜಯನಗರದಲ್ಲಿ ಬಣ್ಣ ಬಳಿದು ಗುರುತು ಮಾಡಿದ ಸೈಕಲ್ ಪಥಗಳು ಕಾರು ನಿಲ್ಲಿಸುವ ಜಾಗಗಳಾದವು. 2020ರಲ್ಲಿ ಹೊರವರ್ತುಲ ರಸ್ತೆಯ ಅಂಚಿನಲ್ಲಿ ಗಿಡ್ಡ ಕಂಬಗಳನ್ನು ನೆಟ್ಟು ಮಾಡಿದ ಪಥವೂ ಬಹುಕಾಲ ಉಳಿಯಲಿಲ್ಲ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಡನೆ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆಯೇ ಸ್ವಲ್ಪಮಟ್ಟಿಗೆ ಊರಿನ ಪ್ರೀತಿಯನ್ನು ಸಂಪಾದಿಸಿತೆನ್ನಬೇಕು. ಜನರ ಒತ್ತಾಯದಿಂದ ರಸ್ತೆಯ ರೂಪವೇ ಬದಲಾಗಬಲ್ಲುದೆಂಬುದಕ್ಕೆ ಹಾಲೆಂಡು ನಿದರ್ಶನ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ತಂದೆತಾಯಿಗಳು ಸೈಕಲ್ಲುಗಳೊಡನೆ ಬೀದಿಗಿಳಿದರು. ಇಂದು ಲೋಕವೆಲ್ಲ ಕೊಂಡಾಡುವ ಅಲ್ಲಿಯ ಸೈಕಲ್ ದಾರಿಗಳ ಹಿಂದೆ ಆ ಸಂಕಟವಿದೆ.

ಕನ್ನಡನಾಡಿಗೆ ಸೈಕಲ್ಲು ಪರಕೀಯ ವಸ್ತುವಲ್ಲ. ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆಯನ್ನು ಪಡೆದು ಸೈಕಲ್ಲಿಗೆ ತಗುಲಿಸಬೇಕಾಗಿದ್ದ ಕಾಲ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಗಳ ಕಾಲ, ದೀಪವಿಲ್ಲದೆ ಇರುಳಿನಲ್ಲಿ ಹೊರಟವನನ್ನೂ ಡಬಲ್ ರೈಡ್ ಹೊರಟವನನ್ನೂ ಪೊಲೀಸರು ತಡೆದು ಚಕ್ರದ ಗಾಳಿ ಬಿಡುತ್ತಿದ್ದ ಕಾಲ, ಇವೆಲ್ಲ ಹಿರಿಯರ ನೆನಪಿನಲ್ಲಿನ್ನೂ ಹಸಿಯಾಗಿವೆ. ಆಗ ಸೈಕಲ್ಲಿನವರು ಬೀದಿಯಲ್ಲಿ ತಮ್ಮ ಹಕ್ಕನ್ನು ಸಾರಬೇಕಾಗಿರಲಿಲ್ಲ. ಬೀದಿಯ ಬಹುಪಾಲು ಅವರೇ ಆಗಿದ್ದರು. 2006-07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ, ಹಳ್ಳಿಯ ಹೆಣ್ಣುಮಕ್ಕಳು ಸಾಲುಸಾಲಾಗಿ ಪ್ರೌಢಶಾಲೆಗೆ ತುಳಿದುಹೋದ ದೃಶ್ಯಕ್ಕೆ ಸಮನಾದ ಸೈಕಲ್ ಸವಾರಿಯನ್ನು ಯಾವ ಮಹಾನಗರವೂ ಕಂಡಿರಲಾರದು.

ಇಲ್ಲಿಯೇ ನನ್ನ ಮನಸ್ಸನ್ನು ಬಹುಕಾಲದಿಂದ ಬಾಧಿಸುವ ವಿಚಾರವೊಂದಿದೆ. ತಿಂಗಳ ಸವಾರಿಗೆ ಬರುವವರಲ್ಲಿ ಹಲವರು ಸೈಕಲ್ಲನ್ನು ಆರಿಸಿಕೊಂಡವರು. ಮನೆಯಲ್ಲಿ ಕಾರಿದ್ದೂ ಆರೋಗ್ಯಕ್ಕಾಗಿ, ನಿರ್ಮಲವಾದ ಗಾಳಿಗಾಗಿ, ಸ್ನೇಹಕ್ಕಾಗಿ ತುಳಿಯುವವರು. ಗತ್ಯಂತರವಿಲ್ಲದೆ ತುಳಿಯುವವರು ಬೇರೆ ಇದ್ದಾರೆ: ಹಾಲಿನವನು, ಕಾವಲುಗಾರನು, ಕಟ್ಟಡದ ಕೂಲಿಯವನು. ಸಂಜೆಯ ಸವಾರಿಯ ಹೊತ್ತಿಗೆ ಇವರ ಕೆಲಸವಿನ್ನೂ ಮುಗಿದಿರುವುದಿಲ್ಲ. ಮುಗಿದಿದ್ದರೂ ಇವರನ್ನು ಕರೆದವರಿಲ್ಲ. ರಸ್ತೆಯ ಅಪಾಯವನ್ನು ನಿತ್ಯವೂ ಉಣ್ಣುವವರು ಇವರೇ ಆಗಿರಲು, ಇವರಿಲ್ಲದ ಸವಾರಿಯು ಯಾರ ಪರವಾಗಿ ಮಾತಾಡುತ್ತಿದೆ?

ಒಮಾನ್ ದೇಶದ ಪೂರ್ವದ ಅಂಚಿನಲ್ಲಿ, ಮಸ್ಕತ್‌ನಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿರುವ ಸೂರ್ ಪಟ್ಟಣದಲ್ಲಿ ನೆಲಸಿರುವ ನನಗೆ ಆ ಪ್ರಶ್ನೆಯು ಇನ್ನೂ ತೀಕ್ಷ್ಣವಾಗಿ ಎದುರಾಗುತ್ತದೆ. ಸೂರ್ ಹಡಗುಕಟ್ಟುವವರ ಊರು. ಇಲ್ಲಿಯ ಕಮ್ಮಾರರೂ ಬಡಗಿಗಳೂ ಮಲಬಾರಿನಿಂದ ಬಂದ ತೇಗದಿಂದ ಹಾಯಿಹಡಗುಗಳನ್ನು ಕಟ್ಟುತ್ತಿದ್ದರು. ನಮ್ಮ ಕರಾವಳಿಗೂ ಒಮಾನಿಗೂ ನಂಟು ಹಳೆಯದು: ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಹೋಗುತ್ತಿತ್ತು, ಟಿಪ್ಪು ಸುಲ್ತಾನನು ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನೇ ಇರಿಸಿದ್ದನು. ಕಡಲ ಹಿನ್ನೀರು ಸೂರ್ ಪಟ್ಟಣವನ್ನು ಅಯ್ಜಾ ಎಂಬ ಆಚೆಯ ದಡದಿಂದ ಬೇರ್ಪಡಿಸಿದೆ. ತೂಗುಸೇತುವೆಯು ಎರಡನ್ನೂ ಕೂಡಿಸುತ್ತದೆ. ಅಯ್ಜಾದ ತುದಿಯಲ್ಲಿ ದೀಪಸ್ತಂಭ, ಗುಡ್ಡಗಳ ಮೇಲೆ ಹಳೆಯ ಕಾವಲುಬುರುಜುಗಳು.

ಈ ದೇಶಕ್ಕೆ ಸೈಕಲ್ಲು ಒಂದು ಉತ್ಸವವಾಗಿಯೂ ಗೊತ್ತು. 2010ರಿಂದ ಫೆಬ್ರವರಿಯ ಹಿತವಾದ ಹವೆಯಲ್ಲಿ ‘ಟೂರ್ ಆಫ್ ಒಮಾನ್’ ಎಂಬ ಪಂದ್ಯವು ನಡೆಯುತ್ತಿದ್ದು, ಯೂರೋಪಿನ ಹೆಸರಾಂತ ಸವಾರರು ಹಸುರು ಬೆಟ್ಟವೆನಿಸಿದ ಜಬಲ್ ಅಖ್ದರ್‌ನ ಏರನ್ನು ಹತ್ತುತ್ತಾರೆ. ಸೂರಿನ ನಿತ್ಯದ ಸೈಕಲ್ಲಾದರೋ ಬೇರೆ ಜಾತಿಯದು. ತುಕ್ಕುಹಿಡಿದ ದಪ್ಪ ಚೌಕಟ್ಟು, ಹಿಂದಿನ ಕ್ಯಾರಿಯರಿಗೆ ರಬ್ಬರ್ ಪಟ್ಟಿಯಿಂದ ಬಿಗಿದ ಪ್ಲಾಸ್ಟಿಕ್ ಬುಟ್ಟಿ, ಬುಟ್ಟಿಯಲ್ಲಿ ಊಟದ ಡಬ್ಬಿ ಮತ್ತು ನೀರಿನ ಸೀಸೆ, ಹ್ಯಾಂಡಲ್ಲಿಗೆ ಸುತ್ತಿದ ಬಟ್ಟೆ. ತುಳಿಯುವವನು ಬಂಗಾಳದವನೋ ಕೇರಳದವನೋ ಪಾಕಿಸ್ತಾನದವನೋ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ಕೆಲಸವನ್ನು ಇಲ್ಲಿಯ ಕಾಯಿದೆಯು ನಿಷೇಧಿಸಿದೆ. ಅದು ಕರುಣೆಯುಳ್ಳ ಕಾಯಿದೆ. ಆದರೆ ಅದರ ಫಲವಾಗಿ ಕೆಲಸವು ಬೆಳಕು ಹರಿಯುವ ಮುಂಚೆ ಆರಂಭವಾಗಿ ಕತ್ತಲಾದ ಮೇಲೆ ಮುಗಿಯುವಂತಾಗಿ, ಈ ಮನುಷ್ಯನು ರಸ್ತೆಯ ಮೇಲಿರುವ ಹೊತ್ತು ಬಹುಮಟ್ಟಿಗೆ ಅವನನ್ನು ಕಾರಿನವನು ಕಾಣಲಾರದ ಹೊತ್ತೇ ಆಗಿರುತ್ತದೆ. ರಸ್ತೆಗಳು ವಿಶಾಲ, ನುಣುಪು, ಬಹುವೇಗ. ವೃತ್ತಾಕಾರದ ಕೂಡುರಸ್ತೆಗಳಲ್ಲಿ ಒಳಸುತ್ತಿನಿಂದ ಹೊರಸುತ್ತಿಗೆ ಹೊರಳುವ ಕಾರಿನ ಮುಂದೆ, ಅಂಚಿನಲ್ಲಿ ತುಳಿಯುತ್ತಿರುವವನಿಗೆ ರಕ್ಷಣೆಯೆಂಬುದು ಆ ಚಾಲಕನ ಎಚ್ಚರವಷ್ಟೇ.

ಇಂಥ ಊರಿಗೆ ತಿಂಗಳ ಸವಾರಿಯು ಬರುವುದಾದರೆ ಅದನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಹಾಗೆಯೇ ಎತ್ತಿ ತರಲಾಗದು. ಅಧಿಕಾರಿಗಳ ಅನುಮತಿಯಿಲ್ಲದೆ ಗುಂಪು ಬೀದಿಗಿಳಿಯುವುದು ಇಲ್ಲಿಯ ಪದ್ಧತಿಯಲ್ಲ; ಅತಿಥಿಗಳಾಗಿ ಬಂದಿರುವ ನಮಗಂತೂ ಅದು ಸಲ್ಲದು. ದಿನವನ್ನೂ ಬದಲಿಸಬೇಕು: 2013ರಿಂದ ಒಮಾನಿನ ವಾರದ ರಜೆ ಶುಕ್ರವಾರ ಮತ್ತು ಶನಿವಾರ, ಶುಕ್ರವಾರವು ಸಾಮೂಹಿಕ ಪ್ರಾರ್ಥನೆಯ ದಿನ, ಮನೆಗೆ ಮರಳುವವರ ನೂಕುನುಗ್ಗಲು ಕಾಣುವುದು ಗುರುವಾರದ ಸಂಜೆ. ಕಾಲವು ನವೆಂಬರ್‌ನಿಂದ ಮಾರ್ಚ್‌ವರೆಗೆ. ಪುರಸಭೆಯನ್ನೂ ಪೊಲೀಸರನ್ನೂ ಮೊದಲೇ ಕಂಡು, ಕಡಲ ದಂಡೆಯ ರಸ್ತೆಯಿಂದ ಹೊರಟು, ಸೇತುವೆಯನ್ನು ದಾಟಿ, ಅಯ್ಜಾದ ದೀಪಸ್ತಂಭವನ್ನು ಮುಟ್ಟಿ ಮರಳುವ ಸವಾರಿಯನ್ನು ಕೇಳಿಕೊಳ್ಳಬಹುದು. ಸೂರ್ಯಾಸ್ತದ ಮಗ್ರಿಬ್ ಪ್ರಾರ್ಥನೆ ಮುಗಿದ ಮೇಲೆ ಹೊರಟರೆ ಕಾರ್ಮಿಕರಲ್ಲಿ ಕೆಲವರಾದರೂ ಬರಬಲ್ಲರು. ಅವರಿರುವ ವಸತಿಗಳಿಗೆ ಹೋಗಿ ಹಿಂದಿ, ಬಂಗಾಳಿ, ಮಲಯಾಳಗಳಲ್ಲಿ ಕರೆಯಬೇಕು. ಮುಂಚೂಣಿಯಲ್ಲಿ ಸಾಗಬೇಕಾದವರೂ ಅವರೇ, ಏಕೆಂದರೆ ಈ ರಸ್ತೆಗಳ ಯಾವ ತಿರುವಿನಲ್ಲಿ ಕತ್ತಲು ಹೆಚ್ಚು, ಯಾವ ವೃತ್ತದಲ್ಲಿ ಕಾರುಗಳು ನಿಲ್ಲವು ಎಂಬುದನ್ನು ಅವರಷ್ಟು ಬಲ್ಲವರು ಬೇರಿಲ್ಲ. ಆ ತಿರುವುಗಳ ಪಟ್ಟಿಯನ್ನು ಅವರಿಂದ ಕೇಳಿ ಬರೆದುಕೊಂಡು ಮಾರನೆಯ ವಾರ ಪುರಸಭೆಗೆ ಒಪ್ಪಿಸಬೇಕು. ಹೊರಡುವ ಮೊದಲು ಪ್ರತಿಯೊಂದು ಸೈಕಲ್ಲಿಗೂ ಮುಂದೊಂದು ಬಿಳಿಯ ದೀಪ, ಹಿಂದೊಂದು ಕೆಂಪು ದೀಪ, ತುಳಿಯುವವನಿಗೆ ಬೆಳಕನ್ನು ಹಿಂದಕ್ಕೆ ಹೊಳೆಯಿಸುವ ಅಂಗಿಯೊಂದು ದೊರೆಯಬೇಕು. ಇವುಗಳ ಖರ್ಚನ್ನು ಕಾರುಗಳನ್ನು ಇಟ್ಟುಕೊಂಡಿರುವ ನಾವು ಭರಿಸತಕ್ಕದ್ದು.