ಕಂಬಳ ನಡೆಸೋದು ಹೇಗೆ?

ಗದ್ದೆ ಕೊಯ್ಲು ಮುಗಿಯಿತು ಅಂದರೆ ನಮ್ಮ ಕಡೆ ಕಂಬಳದ ಮಾತು ಶುರು. ನವೆಂಬರಿನಿಂದ ಮಾರ್ಚ್ ತನಕ ಒಂದಲ್ಲ ಒಂದು ಊರಲ್ಲಿ ಕಂಬಳ ಇರುತ್ತದೆ. ಸಂತೆಕಟ್ಟೆಯಿಂದ ಉಡುಪಿ ದಾಟಿ ತೆಂಕಕ್ಕೆ ಹೋದರೆ ಕಟಪಾಡಿ ಕಂಬಳ. ಕಾರ್ಕಳದ ಕಡೆ ಹೋದರೆ ಮಿಯಾರಿನ ಲವ-ಕುಶ ಜೋಡುಕರೆ ಕಂಬಳ. ಕೋಣ ಓಡುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಕಂಬಳ ನಡೆಸುವುದು ಹೇಗೆ? ಬನ್ನಿ, ತಿಳಿದುಕೊಳ್ಳೋಣ.

ಓಟವೂ ಉಂಟು, ಜಾರುವುದೂ ಉಂಟು

ಕಂಬಳ ಅಂದರೆ ಬರೀ ಓಟ ಅಲ್ಲ. ಅದರಲ್ಲಿ ಆರು ವಿಭಾಗ ಇವೆ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಈ ನಾಲ್ಕರಲ್ಲಿ ಕೋಣ ಓಡಿಸುವವರು ಕೋಣಗಳ ಹಿಂದೆಯೇ ಓಡಬೇಕು. ಐದನೆಯದು ಅಡ್ಡ ಹಲಗೆ. ಇದರಲ್ಲಿ ಓಡುವ ಹಾಗಿಲ್ಲ. ಹಲಗೆಯ ಮೇಲೆ ನಿಂತು, ಕೋಣ ಎಳೆದ ಹಾಗೆ ಕೆಸರಿನ ಮೇಲೆ ಜಾರುತ್ತಾ ಹೋಗಬೇಕು. ಆರನೆಯದು ಕನೆ ಹಲಗೆ. ಆ ಹಲಗೆಗೆ ಎರಡು ತೂತು. ಕೋಣ ಓಡುವಾಗ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಬಟ್ಟೆ ಕಟ್ಟಿರುತ್ತಾರೆ. ಅದೇ ನಿಶಾನೆ. ಆ ನಿಶಾನೆಗೆ ನೀರು ತಾಗಬೇಕು. ಇಲ್ಲಿ ವೇಗಕ್ಕಿಂತ ನೀರಿನ ಎತ್ತರ ಮುಖ್ಯ.

ಹಿಮ ಬೀಳುವ ದೇಶಗಳಲ್ಲಿ ಜನ ಚಳಿಗಾಲದಲ್ಲಿ ಕಾಲಿಗೆ ಉದ್ದ ಹಲಗೆ ಕಟ್ಟಿ ಹಿಮದ ಮೇಲೆ ಜಾರುತ್ತಾರೆ. ಬೇಸಿಗೆಯಲ್ಲಿ ಚಕ್ರದ ಹಲಗೆ ಕಟ್ಟಿ ಡಾಮರು ರಸ್ತೆಯಲ್ಲಿ ಜಾರುತ್ತಾರೆ. ಓಟವನ್ನೂ ಇದನ್ನೂ ಸೇರಿಸಿ ಪಂದ್ಯ ಇಡುವುದೂ ಉಂಟು. ಅವರಿಗೆ ಡಾಮರು ರಸ್ತೆ, ನಮಗೆ ಕೆಸರು ಗದ್ದೆ.

ಕರೆ ಸರಿ ಇರಬೇಕು

ಕೋಣ ಓಡುವ ಉದ್ದದ ಕೆಸರು ಗದ್ದೆಗೆ 'ಕರೆ' ಎನ್ನುತ್ತೇವೆ. ಪಕ್ಕ ಪಕ್ಕ ಎರಡು ಕರೆ ಇದ್ದರೆ ಜೋಡುಕರೆ. ಓಟ ಶುರುವಾಗುವ ಜಾಗ ಗಂತು. ಮುಗಿಯುವ ಜಾಗ ಮಂಜೊಟ್ಟಿ. ಮಂಜೊಟ್ಟಿ ಏರಾಗಿರಬೇಕು. ಆಗ ಓಡಿ ಬಂದ ಕೋಣ ತಾನಾಗಿ ನಿಧಾನ ಆಗುತ್ತದೆ.

ಕರೆಯಲ್ಲಿ ಕಲ್ಲು, ಗಾಜು ಇರಬಾರದು. ಎಲ್ಲ ಹೆಕ್ಕಿ ತೆಗೆಯಬೇಕು. ಇಲ್ಲದಿದ್ದರೆ ಕೋಣದ ಕಾಲಿಗೂ ಗಾಯ, ಓಡಿಸುವವರ ಕಾಲಿಗೂ ಗಾಯ. ಎರಡು ಕರೆಯಲ್ಲೂ ನೀರು, ಕೆಸರು ಒಂದೇ ಹದದಲ್ಲಿ ಇರಬೇಕು. ಒಂದು ಕಡೆ ಆಳ ಹೆಚ್ಚಾದರೆ ಆ ಕಡೆಯ ಜೋಡಿಗೆ ಅನ್ಯಾಯ ಆಗುತ್ತದೆ.

2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ದೇಶವಿಡೀ ಅವರ ಹೆಸರು ಹೇಳಿತು. ಲೋಕದ ವೇಗದ ಓಟಗಾರ ಉಸೇನ್ ಬೋಲ್ಟ್ ಜೊತೆ ಜನ ಹೋಲಿಸಿದರು. ಆದರೆ ಎರಡೂ ಬೇರೆ ಬೇರೆ ಓಟ. ಬೋಲ್ಟ್ ಒಬ್ಬರೇ ಓಡುತ್ತಿದ್ದರು. ಕಂಬಳದಲ್ಲಿ ಕೋಣವೂ ಎಳೆಯುತ್ತದೆ. ಗೆಲುವು ಇಬ್ಬರದ್ದೂ ಹೌದು.

ಕಂಬಳ ನಿಂತದ್ದು ಯಾಕೆ?

ಕೋಣಕ್ಕೆ ಹೊಡೆಯುತ್ತಾರೆ, ಹಿಂಸೆ ಆಗುತ್ತದೆ ಎಂಬ ದೂರು ಇತ್ತು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಲ್ಲಿಸಿತು. ಅದರಿಂದ ಕಂಬಳಕ್ಕೂ ಅಡ್ಡಿ ಬಂತು. 2017ರಲ್ಲಿ ನಮ್ಮ ರಾಜ್ಯ ಕಾನೂನು ತಿದ್ದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಾಧೀಶರ ಪೀಠ ಆ ತಿದ್ದುಪಡಿಯನ್ನು ಒಪ್ಪಿತು. ಆದರೆ ಕೋಣಕ್ಕೆ ಅನಗತ್ಯ ನೋವು ಕೊಡಬಾರದು ಎಂಬ ಷರತ್ತು ಇದೆ.

ಹಾಗಾದರೆ ಕಂಬಳ ನಡೆಸುವವರು ಏನು ಮಾಡಬೇಕು? ಮೊದಲು ಅನುಮತಿ ಪಡೆಯಬೇಕು. ಪಶುವೈದ್ಯರು ಇರಬೇಕು. ಕೋಣಗಳಿಗೆ ನೆರಳು, ನೀರು, ಮೇವು ಬೇಕು. ದಣಿದ ಕೋಣವನ್ನು ಓಡಿಸಬಾರದು. ಜನ ಕರೆಗೆ ಇಳಿಯದ ಹಾಗೆ ಬೇಲಿ ಬೇಕು. ಆಂಬುಲೆನ್ಸ್ ಹತ್ತಿರ ನಿಂತಿರಬೇಕು.

ಯಾರಿಗೂ ಅವಮಾನ ಬೇಡ

ಕಂಬಳದ ಹೆಸರಿನಲ್ಲಿ ಹಿಂದೆ ಒಂದು ಅನ್ಯಾಯ ನಡೆಯುತ್ತಿತ್ತು. ಕೋಣ ಇಳಿಸುವ ಮೊದಲು ಕೊರಗ ಸಮುದಾಯದವರನ್ನು ಕರೆಯಲ್ಲಿ ಓಡಿಸುತ್ತಿದ್ದರು. ಇಂಥ ಕೀಳು ಪದ್ಧತಿಗೆ ಅಜಲು ಎಂದು ಹೆಸರು. 2000ದಲ್ಲಿ ಬಂದ ಕಾನೂನು ಅಜಲನ್ನು ನಿಷೇಧಿಸಿದೆ. 'ಹಿಂದಿನಿಂದ ಬಂದದ್ದು' ಎಂದು ಹೇಳಿ ಮನುಷ್ಯರನ್ನು ಕೀಳಾಗಿ ಕಾಣುವ ಹಾಗಿಲ್ಲ.

ಕಂಬಳಕ್ಕೆ ಊರಿನವರು ಹಣ ಕೊಡುತ್ತಾರೆ. ಅಕ್ಕಿ, ತೆಂಗಿನಕಾಯಿ ಕೊಡುತ್ತಾರೆ. ಬೆವರು ಸುರಿಸಿ ದುಡಿಯುತ್ತಾರೆ. ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಬರೆದಿಟ್ಟು ಎಲ್ಲರ ಎದುರು ಓದಿ ಹೇಳಬೇಕು. ಆಗ ಮುಂದಿನ ವರ್ಷವೂ ಜನ ಕೈ ಜೋಡಿಸುತ್ತಾರೆ.

ಕೋಣಕ್ಕೆ ನೋವಾಗಬಾರದು, ಮನುಷ್ಯರಿಗೆ ಅವಮಾನ ಆಗಬಾರದು, ಲೆಕ್ಕದಲ್ಲಿ ಗುಟ್ಟು ಇರಬಾರದು. ಇವಿಷ್ಟು ಇದ್ದರೆ ಕಂಬಳ ಇಡೀ ಊರಿನದ್ದಾಗುತ್ತದೆ.

ಮಾತಾಡೋಣ

1. ನೀವು ನೋಡಿದ ಕಂಬಳದಲ್ಲಿ ಕೋಣಗಳಿಗೆ ನೆರಳು, ನೀರು ಇತ್ತೇ?
2. ಹಲಗೆ ಓಟಕ್ಕೂ ಹಗ್ಗದ ಓಟಕ್ಕೂ ಏನು ವ್ಯತ್ಯಾಸ?
3. ನಿಮ್ಮ ಊರಿನ ಜಾತ್ರೆ, ಆಟದ ಲೆಕ್ಕವನ್ನು ಎಲ್ಲರಿಗೂ ಹೇಳುತ್ತಾರೆಯೇ?